ಹಳೆಯ ಜಾವಾಕ್ಕೆ ಹೊಸ ರೂಪ: ತಪ್ಪು ಕಲ್ಪನೆಗಳು ಮತ್ತು ಸತ್ಯ

ಹಳೆಯ ಮೋಟಾರ್‌ಸೈಕಲ್ಲನ್ನು ಮಾಲೀಕರು ತಮ್ಮ ಅಭಿರುಚಿಗೆ ತಕ್ಕಂತೆ ಮಾರ್ಪಡಿಸಿಕೊಳ್ಳುವ ಹವ್ಯಾಸ ಹೊರದೇಶಗಳಲ್ಲಿ ಆರು ಸಿಲಿಂಡರುಗಳ ಭಾರಿ ಗಾಡಿಗಳವರೆಗೂ ಹಬ್ಬಿದೆ. ಕರ್ನಾಟಕದಲ್ಲಿ ಅದು ಬಹುಮಟ್ಟಿಗೆ ನೆಲೆಗೊಂಡಿರುವುದು ಒಂದೇ ಸಿಲಿಂಡರಿನ ಜಾವಾ, ಯೆಜ್ಡಿ, ಬುಲೆಟ್ ಮತ್ತು ಆರ್‌ಎಕ್ಸ್ 100 ಗಾಡಿಗಳಲ್ಲಿ. ಇವುಗಳಲ್ಲಿ ಜಾವಾ ಮತ್ತು ಯೆಜ್ಡಿಗಳು ಕನ್ನಡ ನಾಡಿನಲ್ಲೇ ತಯಾರಾದವು. ರುಸ್ತುಂ ಇರಾನಿಯವರು ಮೈಸೂರಿನಲ್ಲಿ ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆ ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿಯೊಂದಿಗೆ 1961ರಲ್ಲಿ ತಯಾರಿಕೆ ಆರಂಭಿಸಿ, 1970ರ ದಶಕದಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಮುಂದುವರಿದು, 1996ರಲ್ಲಿ ಬಾಗಿಲು ಮುಚ್ಚಿತು. ಕಾರ್ಖಾನೆ ನಿಂತುಹೋಗಿರುವುದರಿಂದ ಉಳಿದಿರುವ ಪ್ರತಿಯೊಂದು ಗಾಡಿಯೂ, ಅದರ ಪ್ರತಿಯೊಂದು ಮೂಲ ಬಿಡಿಭಾಗವೂ ಮತ್ತೆ ಸಿಗದ ವಸ್ತುವಾಗಿದೆ. ತುಮಕೂರು, ಗುಬ್ಬಿ, ಕುಣಿಗಲ್ ಭಾಗದಲ್ಲಿ ಇಂಥ ಗಾಡಿಯನ್ನು ಗ್ಯಾರೇಜಿಗೆ ಬಿಡುವ ಮುನ್ನ ಮಾಲೀಕರು ಪರಿಶೀಲಿಸಿಕೊಳ್ಳಬೇಕಾದ ಕೆಲವು ರೂಢ ನಂಬಿಕೆಗಳನ್ನು ಇಲ್ಲಿ ವಿವೇಚಿಸಲಾಗಿದೆ.

ತಪ್ಪು ಕಲ್ಪನೆ 1: ಎರಡು ಸೈಲೆನ್ಸರ್ ಇದ್ದರೆ ಎರಡು ಸಿಲಿಂಡರ್, ಸಿಲಿಂಡರ್ ಹೆಚ್ಚಿದಷ್ಟೂ ಶಕ್ತಿ ತಾನಾಗಿಯೇ ಹೆಚ್ಚು

ಸತ್ಯ: 250 ಸಿಸಿ ಜಾವಾದ ಎರಡೂ ಪಕ್ಕಗಳಲ್ಲಿ ಒಂದೊಂದು ಸೈಲೆನ್ಸರ್ ಇದ್ದರೂ ಒಳಗಿರುವುದು ಒಂದೇ ಸಿಲಿಂಡರ್; ಅದರಿಂದ ಹೊರಡುವ ಹೊಗೆಯನ್ನೇ ಎರಡು ಕೊಳವೆಗಳು ಹಂಚಿಕೊಳ್ಳುತ್ತವೆ. ಸಿಲಿಂಡರುಗಳ ಸಂಖ್ಯೆಗೂ ಶಕ್ತಿಗೂ ಇರುವ ಸಂಬಂಧವನ್ನು ಅರಿಯಲು ಹೆಚ್ಚುಕಡಿಮೆ ಒಂದೇ ಗಾತ್ರದ ಎರಡು ಇಂಜಿನ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬಹುದು. ಜಾವಾದ ಸುಮಾರು 250 ಸಿಸಿ ಇಂಜಿನ್ ನಿಮಿಷಕ್ಕೆ ಸುಮಾರು 4,750 ಸುತ್ತುಗಳಲ್ಲಿ 12 ಅಶ್ವಶಕ್ತಿಯಷ್ಟು ಕೊಡುತ್ತಿತ್ತು. ಮೈಕ್ ಹೇಲ್‌ವುಡ್ 1966 ಮತ್ತು 1967ರಲ್ಲಿ ವಿಶ್ವ ಚಾಂಪಿಯನ್ ಆದಾಗ ಓಡಿಸಿದ ಹೋಂಡಾ ಆರ್‌ಸಿ 166 ರೇಸ್ ಬೈಕ್ ಸಹ 250 ಸಿಸಿ ವರ್ಗದ್ದೇ. ಆದರೆ ಅದರಲ್ಲಿ ಆರು ಸಿಲಿಂಡರುಗಳಿದ್ದವು, ಅದು ನಿಮಿಷಕ್ಕೆ 18,000 ಸುತ್ತುಗಳವರೆಗೆ ತಿರುಗಿ ಸುಮಾರು 60 ಅಶ್ವಶಕ್ತಿ ಕೊಡುತ್ತಿತ್ತು.

ಈ ವ್ಯತ್ಯಾಸದ ಮೂಲ ಪಿಸ್ಟನ್ನಿನ ವೇಗದಲ್ಲಿದೆ. ಜಾವಾದ ಪಿಸ್ಟನ್ ಒಂದು ಸಲಕ್ಕೆ ಕ್ರಮಿಸುವ ದೂರ, ಅಂದರೆ ಸ್ಟ್ರೋಕ್, 75 ಮಿ.ಮೀ. ಅದನ್ನು 18,000 ಸುತ್ತುಗಳಲ್ಲಿ ತಿರುಗಿಸಿದರೆ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 45 ಮೀಟರ್ ಆಗುತ್ತದೆ. ಆ ಹೊಡೆತವನ್ನು ಆ ಪಿಸ್ಟನ್ನಾಗಲಿ ಕನೆಕ್ಟಿಂಗ್ ರಾಡ್ ಆಗಲಿ ತಾಳಲಾರದು. ಅದೇ ಗಾತ್ರವನ್ನು ಆರು ಪುಟ್ಟ ಸಿಲಿಂಡರುಗಳಿಗೆ ಹಂಚಿದರೆ ಪ್ರತಿ ಪಿಸ್ಟನ್ನಿನ ತೂಕವೂ ಅದು ಕ್ರಮಿಸುವ ದೂರವೂ ಕಡಿಮೆಯಾಗುವುದರಿಂದ ಹೆಚ್ಚು ವೇಗದ ತಿರುಗುವಿಕೆ ಸಾಧ್ಯವಾಗುತ್ತದೆ. ಹೆಚ್ಚು ಸಿಲಿಂಡರುಗಳು ಕೊಡುವುದು ವೇಗವಾಗಿ ತಿರುಗುವ ಅವಕಾಶವನ್ನು. ಶಕ್ತಿ ಬರುವುದು ಆ ಅವಕಾಶವನ್ನು ಬಳಸಿಕೊಂಡಾಗ ಮಾತ್ರ. 1978ರಲ್ಲಿ ಬಂದ ಹೋಂಡಾ ಸಿಬಿಎಕ್ಸ್ ಎಂಬ 1,047 ಸಿಸಿ ರಸ್ತೆ ಬೈಕಿನಲ್ಲಿ ಇದಕ್ಕಾಗಿಯೇ ಆರು ಕಾರ್ಬೊರೇಟರ್‌ಗಳೂ 24 ವಾಲ್ವ್‌ಗಳೂ ಬೇಕಾದವು. ಜಾವಾ ಬೇರೆಯೇ ಉದ್ದೇಶದ ಯಂತ್ರ: ಕಡಿಮೆ ಸುತ್ತುಗಳಲ್ಲಿ ಹೇರು ಎಳೆಯುವುದು, ಹಳ್ಳಿಯ ಗ್ಯಾರೇಜಿನಲ್ಲೂ ರಿಪೇರಿಯಾಗುವುದು ಅದರ ಗುಣ. ರೇಸ್ ಬೈಕಿನ ಗುಣವನ್ನು ಅದರಿಂದ ಹಿಂಡಲು ಹೊರಡುವ ಮಾರ್ಪಾಡು ಅದರ ಸ್ವಭಾವಕ್ಕೇ ವಿರುದ್ಧವಾಗುತ್ತದೆ.

ತಪ್ಪು ಕಲ್ಪನೆ 2: ಸೈಲೆನ್ಸರಿನ ಒಳತಿರುಳು ತೆಗೆದು, ಏರ್ ಫಿಲ್ಟರ್ ಬಿಚ್ಚಿದರೆ ಗಾಡಿ 'ಉಸಿರಾಡುತ್ತದೆ', ಪಿಕಪ್ ಹೆಚ್ಚುತ್ತದೆ

ಸತ್ಯ: ಜಾವಾ, ಯೆಜ್ಡಿ ಮತ್ತು ಆರ್‌ಎಕ್ಸ್ 100 ಟೂ-ಸ್ಟ್ರೋಕ್ ಗಾಡಿಗಳು, ಅಂದರೆ ಕ್ರ್ಯಾಂಕಿನ ಪ್ರತಿ ಸುತ್ತಿಗೂ ಒಮ್ಮೆ ಇಂಧನ ಉರಿಯುವ ಇಂಜಿನ್‌ಗಳು. ಇವುಗಳಲ್ಲಿ ಹೊಗೆಯನ್ನು ಹೊರಬಿಡಲು ಪ್ರತ್ಯೇಕ ವಾಲ್ವ್ ಇರುವುದಿಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಯನ್ನು ಪಿಸ್ಟನ್ನೇ ತೆರೆದು ಮುಚ್ಚುತ್ತದೆ. ಹಳೆಯ ಹೊಗೆ ಹೊರಹೋಗುವ ಕ್ಷಣದಲ್ಲೇ ಹೊಸ ಪೆಟ್ರೋಲ್-ಗಾಳಿ ಮಿಶ್ರಣ ಒಳಬರುವುದರಿಂದ, ಅದರ ಒಂದು ಪಾಲು ಉರಿಯದೆಯೇ ಹೊಗೆಯ ಜೊತೆ ಜಾರಿಹೋಗುತ್ತದೆ. ಅದನ್ನು ತಡೆಯುವಲ್ಲಿ ಕೊಳವೆಗೂ ಸೈಲೆನ್ಸರಿಗೂ ಪಾತ್ರವಿದೆ: ಅವುಗಳ ಉದ್ದ, ಅಗಲ ಮತ್ತು ಒಳಗಿನ ಅಡೆತಡೆಗಳು ಹೊಗೆಯ ಒತ್ತಡದ ಅಲೆಯನ್ನು ಹಿಂದಕ್ಕೆ ಪ್ರತಿಫಲಿಸಿ, ಜಾರಿಹೋಗುತ್ತಿರುವ ಮಿಶ್ರಣವನ್ನು ಕಿಂಡಿ ಮುಚ್ಚುವ ಮೊದಲು ಮರಳಿ ಸಿಲಿಂಡರಿಗೆ ತಳ್ಳುತ್ತವೆ.

ಈ ಅಲೆಯನ್ನು ಲೆಕ್ಕಾಚಾರದಿಂದ ಪಳಗಿಸಿದವರಲ್ಲಿ ಪ್ರಮುಖರು ಪೂರ್ವ ಜರ್ಮನಿಯ ಎಂಜಡ್ ಕಂಪನಿಯ ಇಂಜಿನಿಯರ್ ವಾಲ್ಟರ್ ಕಾಡನ್. ಮೈಸೂರಿನ ಕಾರ್ಖಾನೆ ತೆರೆದ 1961ರಲ್ಲೇ ಅವರ 125 ಸಿಸಿ ರೇಸ್ ಬೈಕ್ 25 ಅಶ್ವಶಕ್ತಿ ಮುಟ್ಟಿತ್ತು. ಅದೇ ವರ್ಷ ಅವರ ಸವಾರ ಅರ್ನ್ಸ್ಟ್ ಡೇಗ್ನರ್ ದೇಶ ತೊರೆದು, ಆ ವಿದ್ಯೆಯನ್ನು ಜಪಾನಿನ ಸುಜುಕಿ ಕಂಪನಿಗೆ ದಾಟಿಸಿದರು. ಕಾಡನ್ ಅವರ ಕೊಳವೆ ನಡುವೆ ಉಬ್ಬಿ ತುದಿಯಲ್ಲಿ ಕಿರಿದಾಗುವ, ಅಳತೆಯ ಕೂದಲೆಳೆಯಷ್ಟು ವ್ಯತ್ಯಾಸವೂ ಲೆಕ್ಕಕ್ಕೆ ಬರುವ ರಚನೆಯಾಗಿತ್ತು. ಒಳತಿರುಳು ಕಿತ್ತ ಖಾಲಿ ಕೊಳವೆ ಇದಕ್ಕೆ ವ್ಯತಿರಿಕ್ತ: ಅದರಲ್ಲಿ ಅಲೆ ಸರಿಯಾದ ಗಳಿಗೆಗೆ ಮರಳುವುದಿಲ್ಲ, ಕಡಿಮೆ ವೇಗದ ಎಳೆತ ಕುಸಿಯುತ್ತದೆ, ಮೈಲೇಜ್ ಇಳಿಯುತ್ತದೆ. ಹೆಚ್ಚುವುದು ಸದ್ದು, ಆ ಸದ್ದನ್ನೇ ಕಿವಿ ಶಕ್ತಿಯೆಂದು ಭ್ರಮಿಸುತ್ತದೆ.

ಏರ್ ಫಿಲ್ಟರ್ ಬಿಚ್ಚುವುದು ಇನ್ನೂ ಅಪಾಯಕರ. ಗಾಳಿ ಹೆಚ್ಚಾಗಿ ಪೆಟ್ರೋಲ್ ಅದೇ ಪ್ರಮಾಣದಲ್ಲಿ ಉಳಿದರೆ ಮಿಶ್ರಣ ತೆಳುವಾಗಿ ಇಂಜಿನ್ ವಿಪರೀತ ಕಾಯುತ್ತದೆ. ಜೊತೆಗೆ ಗುಬ್ಬಿ ಕಡೆಯ ಮಣ್ಣುರಸ್ತೆಗಳ ಕೆಂಪುಧೂಳು ನೇರವಾಗಿ ಸಿಲಿಂಡರಿಗೆ ನುಗ್ಗಿ ಬೋರನ್ನು ಸವೆಸುತ್ತದೆ. ಸೈಲೆನ್ಸರ್ ಅಥವಾ ಫಿಲ್ಟರ್ ಬದಲಾದರೆ ಕಾರ್ಬೊರೇಟರಿನ ಜೆಟ್ ಸಹ, ಅಂದರೆ ಪೆಟ್ರೋಲಿನ ಪ್ರಮಾಣ ನಿರ್ಧರಿಸುವ ಸಣ್ಣ ರಂಧ್ರದ ಹಿತ್ತಾಳೆ ಬಿಡಿಭಾಗವೂ, ಹೊಸದಾಗಿ ಹೊಂದಬೇಕು. ತುಮಕೂರು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದ್ದು ಇಲ್ಲಿನ ಗಾಳಿ ಕರಾವಳಿಗಿಂತ ಶೇಕಡಾ 7–8ರಷ್ಟು ವಿರಳವಾಗಿರುವುದರಿಂದ, ಮಂಗಳೂರಿನಲ್ಲಿ ಸರಿಹೊಂದಿದ ಜೆಟ್ ಇಲ್ಲಿ ಹೊಂದೀತೆಂಬ ಖಾತರಿ ಇಲ್ಲ. ಹೊಂದಿಕೆಯ ಸಾಕ್ಷಿ ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲಿ ಸಿಗುತ್ತದೆ: ತಿಳಿಕಂದು ಬಣ್ಣವಿದ್ದರೆ ಮಿಶ್ರಣ ಸರಿಯಿದೆ, ಬಿಳಿಚಿಕೊಂಡಿದ್ದರೆ ತೆಳುವಾಗಿದೆ, ಕಪ್ಪಾಗಿ ಜಿಡ್ಡುಗಟ್ಟಿದ್ದರೆ ದಟ್ಟವಾಗಿದೆ.

ತಪ್ಪು ಕಲ್ಪನೆ 3: ಹಳೆಯ ಇಂಜಿನ್‌ಗೆ ಆಯಿಲ್ ಎಷ್ಟು ಹಾಕಿದರೂ ಒಳ್ಳೆಯದೇ

ಸತ್ಯ: ಜಾವಾದ ಇಂಜಿನ್ನಿಗೆ ಜಿಡ್ಡು ಸಿಗುವುದು ಪೆಟ್ರೋಲಿನಲ್ಲಿ ಬೆರೆಸಿದ ಆಯಿಲಿನಿಂದಲೇ. ಸಾಮಾನ್ಯ ಓಡಾಟಕ್ಕೆ 25 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್ ಎಂಬುದು ರೂಢಿಯ ಪ್ರಮಾಣ. 5 ಲೀಟರ್ ಪೆಟ್ರೋಲಿಗೆ 200 ಮಿ.ಲೀ. ಆಯಿಲ್ ಎಂದಂತಾಯಿತು. ಇದಕ್ಕಿಂತ ಬಹಳ ಹೆಚ್ಚು ಬೆರೆಸಿದರೆ ಅದು ಪೂರ್ತಿ ಉರಿಯದೆ ಪಿಸ್ಟನ್ ತಲೆಯ ಮೇಲೂ ಹೊಗೆಕಿಂಡಿಯಲ್ಲೂ ಸೈಲೆನ್ಸರಿನಲ್ಲೂ ಕಾರ್ಬನ್ ಆಗಿ ಕಟ್ಟುತ್ತದೆ, ಪ್ಲಗ್ ಪದೇಪದೇ ಕೆಡುತ್ತದೆ. ಆಯಿಲ್ ಹೆಚ್ಚಾದಷ್ಟೂ ಅದೇ ಜೆಟ್ಟಿನ ಮೂಲಕ ಹಾಯುವ ಪೆಟ್ರೋಲಿನ ಪಾಲು ಕಡಿಮೆಯಾಗುವುದರಿಂದ, ರಕ್ಷಣೆಗೆಂದು ಹಾಕಿದ ಆಯಿಲ್ ಮಿಶ್ರಣವನ್ನು ತುಸು ತೆಳುವಾಗಿಸುತ್ತದೆ ಎಂಬುದನ್ನೂ ಗಮನಿಸಬೇಕು. ಆಯಿಲನ್ನು ಪೆಟ್ರೋಲಿನೊಡನೆ ಮೊದಲೇ ಚೆನ್ನಾಗಿ ಕಲಸಿ ಟ್ಯಾಂಕಿಗೆ ಸುರಿಯುವುದು ಸರಿಯಾದ ಕ್ರಮ.

ಪ್ರಮಾಣ ಸರಿಯಿದ್ದೂ ಇಂಜಿನ್ ಸೀಜ್ ಆಗುವ, ಅಂದರೆ ಪಿಸ್ಟನ್ ಕಾದು ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳುವ, ಸಂದರ್ಭಗಳುಂಟು. ದೇವರಾಯನದುರ್ಗದಂಥ ಬೆಟ್ಟದ ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಇಳಿದರೆ, ಇಂಜಿನ್ ಜೋರಾಗಿ ತಿರುಗುತ್ತಿದ್ದರೂ ಪೆಟ್ರೋಲಿನ ಜೊತೆ ಬರುವ ಆಯಿಲ್ ಬಹುತೇಕ ನಿಂತುಹೋಗುತ್ತದೆ. ಕುಣಿಗಲ್ ಮೂಲಕ ಹಾಯುವ ಬೆಂಗಳೂರು-ಮಂಗಳೂರು ಹೆದ್ದಾರಿಯಲ್ಲಿ ಬಹಳ ಹೊತ್ತು ಒಂದೇ ಸಮನೆ ಪೂರ್ಣ ವೇಗದಲ್ಲಿ ಓಡಿಸಿದರೂ, ಗಾಳಿಯಿಂದಷ್ಟೇ ತಣಿಯುವ ಈ ಇಂಜಿನ್‌ಗೆ ಅದೇ ಅಪಾಯವಿದೆ. ಆಗಾಗ ವೇಗ ತಗ್ಗಿಸುವುದು, ಇಳಿಜಾರಿನಲ್ಲಿ ನಡುನಡುವೆ ಆಕ್ಸಿಲರೇಟರ್ ತುಸು ಕೊಡುವುದು ಇದಕ್ಕೆ ಪರಿಹಾರ.

ತಪ್ಪು ಕಲ್ಪನೆ 4: ದೊಡ್ಡ ಬಲ್ಬ್ ಹಾಕಿದರೆ ಬೆಳಕು ಹೆಚ್ಚುತ್ತದೆ

ಸತ್ಯ: ಹಳೆಯ ಜಾವಾದ ವಿದ್ಯುತ್ ವ್ಯವಸ್ಥೆ 6 ವೋಲ್ಟಿನದು; ಅದರ ಡೈನಮೊ ಒಟ್ಟು 45 ವ್ಯಾಟ್ ಆಸುಪಾಸಿನಷ್ಟು ಮಾತ್ರ ಉತ್ಪಾದಿಸಬಲ್ಲದು, ಆ ಗಳಿಕೆಯಲ್ಲೇ ದೀಪ, ಹಾರ್ನ್, ಇಗ್ನಿಷನ್ ಎಲ್ಲವೂ ನಡೆಯಬೇಕು. 60 ವ್ಯಾಟಿನ ಬಲ್ಬ್ ತೊಡಿಸಿದರೆ ಗಳಿಕೆಗಿಂತ ಖರ್ಚು ಹೆಚ್ಚಾಗಿ ಬ್ಯಾಟರಿ ಬರಿದಾಗುತ್ತದೆ, ಕೊನೆಗೆ ಪ್ಲಗ್ಗಿನ ಕಿಡಿಯೂ ದುರ್ಬಲವಾಗುತ್ತದೆ. 12 ವೋಲ್ಟಿಗೆ ಬದಲಿಸುವುದಾದರೆ ಬಲ್ಬ್ ಮಾತ್ರವಲ್ಲದೆ ವಿದ್ಯುತ್ ಉತ್ಪಾದಿಸುವ ಭಾಗ, ಅದರ ನಿಯಂತ್ರಕ, ಬ್ಯಾಟರಿ, ಕಾಯಿಲ್ ಮತ್ತು ಹಾರ್ನ್ ಇಡಿಯಾಗಿ ಬದಲಾಗಬೇಕು. ಹಳೆಯ ವೈರಿಂಗಿನ ತುಕ್ಕುಹಿಡಿದ ಜೋಡಣೆಗಳನ್ನು, ವಿಶೇಷವಾಗಿ ಚಾಸಿಗೆ ಕಟ್ಟಿದ ಅರ್ತ್ ತಂತಿಗಳನ್ನು, ಉಜ್ಜಿ ಬಿಗಿಗೊಳಿಸಿದರೆ ಮೂಲ ಬಲ್ಬಿನ ಬೆಳಕೇ ಎಷ್ಟೋ ಸುಧಾರಿಸುತ್ತದೆ.

ತಪ್ಪು ಕಲ್ಪನೆ 5: ಹಳೆಯದೆಲ್ಲ ವಿಂಟೇಜ್; ಆರ್‌ಸಿ ಇದ್ದರೆ ಹೇಗೆ ಬೇಕಾದರೂ ಕತ್ತರಿಸಬಹುದು

ಸತ್ಯ: ಕೇಂದ್ರ ಸರ್ಕಾರವು 2021ರ ಜುಲೈನಲ್ಲಿ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿರುವ ಮತ್ತು ಚಾಸಿ, ಕವಚ, ಇಂಜಿನ್‌ಗಳಲ್ಲಿ ಗಣನೀಯ ಬದಲಾವಣೆಯಾಗದೆ ಮೂಲರೂಪದಲ್ಲಿ ಉಳಿದಿರುವ ಖಾಸಗಿ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಷ್ಟೇ ವಿಂಟೇಜ್. 1985ರಲ್ಲಿ ಮಾರುಕಟ್ಟೆಗೆ ಬಂದ ಆರ್‌ಎಕ್ಸ್ 100 ಆ ವಯಸ್ಸನ್ನು ಇನ್ನೂ ಮುಟ್ಟಿಲ್ಲ. 1960ರ ದಶಕದ ಜಾವಾ ಮುಟ್ಟಿದ್ದರೂ, ಅದರ ಫ್ರೇಮ್ ಕತ್ತರಿಸಿ ಬಾಬರ್ ಅಥವಾ ಚಾಪರ್ ಎಂಬ ಶೈಲಿಗೆ ಮಾರ್ಪಡಿಸಿದ ದಿನವೇ ಆ ಅರ್ಹತೆಯನ್ನು ಕಳೆದುಕೊಳ್ಳುತ್ತದೆ. ವಿಂಟೇಜ್ ನೋಂದಣಿ ಪಡೆದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ಇಂಧನ ಭರ್ತಿ, ದುರಸ್ತಿ ಮುಂತಾದ ಉದ್ದೇಶಗಳಿಗಲ್ಲದೆ ನಿತ್ಯ ರಸ್ತೆಗಿಳಿಸುವಂತಿಲ್ಲ. ಗುಬ್ಬಿಯಿಂದ ತುಮಕೂರಿಗೆ ದಿನವೂ ಓಡಾಡುವವರಿಗೆ ಸಾಮಾನ್ಯ ನೋಂದಣಿಯೇ ತಕ್ಕುದು.

ಸಾಮಾನ್ಯ ನೋಂದಣಿಯಲ್ಲೂ ಮಾರ್ಪಾಡಿಗೆ ಮಿತಿಯಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಂದ ಭಿನ್ನವಾಗುವಂತೆ ಮಾಲೀಕರು ವಾಹನವನ್ನು ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯ ತೀರ್ಪಿನಲ್ಲಿ ಇದನ್ನೇ ಎತ್ತಿಹಿಡಿದಿದೆ. 2019ರ ತಿದ್ದುಪಡಿಯು ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸಜೆ ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿದೆ. ಇಂಜಿನ್ ಬದಲಿಸಲು ನೋಂದಣಿ ಪ್ರಾಧಿಕಾರದ ಪೂರ್ವಾನುಮತಿ ಬೇಕು. ಚಾಸಿ ನಂಬರ್ ಇರುವ ಭಾಗವನ್ನು ಉಜ್ಜುವುದಾಗಲಿ ಬೆಸೆಯುವುದಾಗಲಿ ಗಾಡಿಯ ಗುರುತನ್ನೇ ಅಳಿಸಿದಂತೆ.

ಕಾನೂನಿನಾಚೆಗೂ ಫ್ರೇಮ್ ಕತ್ತರಿಸದಿರಲು ಕಾರಣವಿದೆ. ಹ್ಯಾಂಡಲ್ ತಿರುಗುವ ಅಕ್ಷವನ್ನು ನೆಲದವರೆಗೆ ಎಳೆದರೆ ಅದು ತಾಗುವ ಬಿಂದುವಿಗೂ ಮುಂದಿನ ಟೈರು ನೆಲ ಮುಟ್ಟುವ ಬಿಂದುವಿಗೂ ನಡುವಿನ ಅಂತರಕ್ಕೆ ಟ್ರೇಲ್ ಎನ್ನುತ್ತಾರೆ. ಗಾಡಿ ನೇರವಾಗಿ ಸಾಗುವ, ಸಲೀಸಾಗಿ ತಿರುಗುವ ಗುಣಗಳೆರಡೂ ಈ ಅಂತರವನ್ನು ಬಹಳವಾಗಿ ಅವಲಂಬಿಸಿವೆ. ಅಂದಕ್ಕೆಂದು ಮುಂಭಾಗವನ್ನು ಉದ್ದಕ್ಕೆ ಚಾಚಿದರೆ ಟ್ರೇಲ್ ಬೆಳೆದು, ಬೆಟ್ಟದ ತಿರುವಿನಲ್ಲಿ ಗಾಡಿ ಹ್ಯಾಂಡಲ್ ಮಾತು ಕೇಳದಂತಾಗುತ್ತದೆ. ವೆಲ್ಡಿಂಗಿನ ಕಾವಿನಿಂದ ಕೊಳವೆಯ ಬಲವೂ ಬೆಸುಗೆಯ ಅಂಚಿನಲ್ಲಿ ಕುಗ್ಗಬಹುದು.

ತಪ್ಪು ಕಲ್ಪನೆ 6: ಹದಿನೈದು ವರ್ಷ ದಾಟಿದ ಬೈಕನ್ನು ಗುಜರಿಗೆ ಹಾಕಲೇಬೇಕು

ಸತ್ಯ: ವಯಸ್ಸಿನ ಆಧಾರದ ಆ ನಿರ್ಬಂಧ ದೆಹಲಿ ಮತ್ತು ಸುತ್ತಲಿನ ರಾಜಧಾನಿ ವಲಯದ ಬಗ್ಗೆ ಹೊರಟ ಆದೇಶಗಳಿಂದ ಹುಟ್ಟಿದ್ದು, ಕರ್ನಾಟಕದ ಖಾಸಗಿ ಬೈಕುಗಳಿಗೆ ಅದು ಅನ್ವಯಿಸುವುದಿಲ್ಲ. ಇಲ್ಲಿ 15 ವರ್ಷಗಳ ನಂತರ ಗಾಡಿಯನ್ನು ತಪಾಸಣೆಗೆ ಒಪ್ಪಿಸಿ, ನಿಗದಿತ ಶುಲ್ಕ ಮತ್ತು ತೆರಿಗೆ ಕಟ್ಟಿ, ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬಹುದು. ಈ ಭೀತಿಗೆ ಒಳಗಾಗಿ ಓಡುವ ಸ್ಥಿತಿಯ ಯೆಜ್ಡಿಯನ್ನು ತೂಕದ ಲೆಕ್ಕಕ್ಕೆ ಮಾರುವುದು ಭರಿಸಲಾಗದ ನಷ್ಟ.

ಮಾರ್ಪಾಡಿನ ಸರಿದಾರಿ

ಇಷ್ಟರಿಂದ ಹಳೆಯ ಗಾಡಿಗೆ ಕೈಯನ್ನೇ ಹಚ್ಚಬಾರದೆಂದು ಅರ್ಥವಲ್ಲ. ಮಾಡಿದ ಬದಲಾವಣೆಯನ್ನು ಮತ್ತೆ ಹಿಂದಕ್ಕೆ ತಿರುಗಿಸಲು ಸಾಧ್ಯವೇ ಎಂಬ ಒಂದೇ ಪ್ರಶ್ನೆ ಬಹುಪಾಲು ಗೊಂದಲವನ್ನು ಪರಿಹರಿಸುತ್ತದೆ. ಸೀಟಿನ ಹೊದಿಕೆ, ಹ್ಯಾಂಡಲಿನ ಹಿಡಿ, ಕನ್ನಡಿಗಳಂಥ ನಟ್ಟು-ಬೋಲ್ಟಿನಿಂದ ಕೂರುವ ಭಾಗಗಳನ್ನು ಬದಲಿಸಿ ಮೂಲಭಾಗಗಳನ್ನು ಎಣ್ಣೆ ಸವರಿ ಜೋಪಾನವಾಗಿಟ್ಟರೆ ಗಾಡಿ ಏನನ್ನೂ ಕಳೆದುಕೊಳ್ಳುವುದಿಲ್ಲ. ಬಣ್ಣ ಬದಲಿಸಿದರೆ ನೋಂದಣಿ ದಾಖಲೆಯಲ್ಲೂ ಅದನ್ನು ತಿದ್ದಿಸಬೇಕು. ಕತ್ತರಿಸಿದ ಫ್ರೇಮ್, ಕೊರೆದ ಸೈಲೆನ್ಸರ್, ಉಜ್ಜಿದ ಕಿಂಡಿ ಮರಳಿ ಬಾರದವು. ಕೆಲಸ ಆರಂಭಿಸುವ ಮುನ್ನ ನಾಲ್ಕೂ ಕಡೆಯಿಂದ ಫೋಟೊ ತೆಗೆದು, ಬಿಚ್ಚಿದ ಬಿಡಿಭಾಗಗಳಿಗೆ ಚೀಟಿ ಕಟ್ಟಿ, ಮೊದಲು ಬ್ರೇಕ್, ಟೈರ್, ವೈರಿಂಗ್ ಸರಿಪಡಿಸಿ, ಅಂದಚಂದವನ್ನು ಕೊನೆಗೆ ಎತ್ತಿಕೊಳ್ಳುವ ಮಾಲೀಕರೂ ಮೆಕ್ಯಾನಿಕ್‌ಗಳೂ ಈ ಗಾಡಿಗಳನ್ನು ಮುಂದಿನ ತಲೆಮಾರಿಗೂ ಓಡುವ ಸ್ಥಿತಿಯಲ್ಲಿ ಒಪ್ಪಿಸಬಲ್ಲರು.