ಒಂದೇ ಲಾಟಿನ ಗುಂಡು

ಬಣ್ಣದ ನೂಲು ತರುವಾಗ ವಡಗಾವಿಯ ನೇಕಾರ ಒಂದು ಎಚ್ಚರ ವಹಿಸುತ್ತಾನೆ: ಸೀರೆಗೆ ಬೇಕಾದಷ್ಟೂ ನೂಲು ಒಂದೇ ಲಾಟಿನದಾಗಿರಬೇಕು. ಬೇರೆ ದಿನ ಬಣ್ಣಕ್ಕೆ ಅದ್ದಿದ್ದು ಹೊಕ್ಕಿನಲ್ಲಿ ಸೇರಿದರೆ ಸೀರೆಯ ನಡುವೆ ಪಟ್ಟೆ ಏಳುತ್ತದೆ. ಎರಡೂ ಒಳ್ಳೆಯ ನೂಲೇ, ಆದರೆ ಒಂದರ ಹಾಗೆ ಇನ್ನೊಂದಿಲ್ಲ. ರೈಫಲ್ ಶೂಟಿಂಗಿನ ಗುಂಡಿನ ಕತೆಯೂ ಇದೇ.

ಹತ್ತು ಗುಂಡೂ ಗುರಿಯಿಂದ ಎಡಕ್ಕೆ ಒಂದೇ ಕಡೆ ಬಿದ್ದರೆ ಚಿಂತೆಯಿಲ್ಲ, ಸೈಟ್ ತುಸು ತಿರುಗಿಸಿದರೆ ಆಯಿತು. ಚದುರಿ ಬಿದ್ದರೆ ಯಾವ ಸೈಟೂ ಸರಿಪಡಿಸಲಾರದು.

ಕಲಿಯುವವರು ಮೊದಲು ಹಿಡಿಯುವುದು 10 ಮೀಟರ್ ಏರ್ ರೈಫಲ್. ಅದರ ಪೆಲೆಟ್ 4.5 ಮಿ.ಮೀ. ವ್ಯಾಸದ್ದು, ತೂಕ ಸುಮಾರು 0.53 ಗ್ರಾಂ, ಅಂದರೆ ಹೆಚ್ಚುಕಡಿಮೆ ನಾಲ್ಕೂವರೆ ಗುಲಗಂಜಿ. ಗುರಿಯ ನಡುವಿನ ಚುಕ್ಕೆ ಬರೀ ಅರ್ಧ ಮಿ.ಮೀ. ಅಂಕವನ್ನು ದಶಮಾಂಶದಲ್ಲಿ ಎಣಿಸುವುದರಿಂದ ಕಾಲು ಮಿ.ಮೀ. ಸರಿದರೆ 0.1 ಹೋಯಿತು. ಪೆಲೆಟಿನ ವೇಗ ಸೆಕೆಂಡಿಗೆ 170 ಮೀಟರ್ ಎಂದುಕೊಳ್ಳಿ. ಅದರಲ್ಲಿ 3 ಮೀಟರ್ ಹೆಚ್ಚುಕಡಿಮೆಯಾದರೂ ಗುಂಡು ಸುಮಾರು 0.6 ಮಿ.ಮೀ. ಮೇಲೆ ಕೆಳಗೆ ಆಗುತ್ತದೆ. ಕೈ ಅಲುಗಲೇ ಇಲ್ಲ, ಆದರೂ 0.2 ಕೈಬಿಟ್ಟಿತು. 2024ರ ಪ್ಯಾರಿಸ್ ಒಲಿಂಪಿಕ್ಸಿನ ಏರ್ ಪಿಸ್ತೂಲಿನಲ್ಲಿ ಮನು ಭಾಕರ್ 0.1 ಅಂಕದಿಂದಲೇ ಬೆಳ್ಳಿಯ ಅವಕಾಶ ಕಳೆದುಕೊಂಡು ಕಂಚಿಗೆ ನಿಂತರು.

ಪೆಲೆಟಿನ ಸೊಂಟ ಸಣ್ಣ, ಹಿಂಭಾಗ ಲಂಗದಂತೆ ಅಗಲ. ಗಾಳಿಯ ಒತ್ತಡಕ್ಕೆ ಆ ತೆಳು ಅಂಚು ಅರಳಿ ನಳಿಕೆಯ ಸುರುಳಿ ಗೀರುಗಳನ್ನು ಕಚ್ಚಿಕೊಳ್ಳುತ್ತದೆ. ಹಾಗಾಗಿಯೇ ಅದು ತಿರುಗುತ್ತಾ ನೇರ ಹೋಗುವುದು. ಅಂಚು ನೆಗ್ಗಿದ್ದರೆ ಗಾಳಿ ಒಂದು ಪಕ್ಕಕ್ಕೆ ಸೋರಿ ಪೆಲೆಟ್ ಓಲಾಡುತ್ತದೆ. ಕೆಲವರು ಸರಾಫರ ಎಲೆಕ್ಟ್ರಾನಿಕ್ ತಕ್ಕಡಿ ತಂದು ಒಂದೊಂದನ್ನೂ ತೂಗುತ್ತಾರೆ. ತಪ್ಪೇನಿಲ್ಲ, ಆದರೆ ನನ್ನನ್ನು ಕೇಳಿದರೆ ತಕ್ಕಡಿಗಿಂತ ಕಣ್ಣು ಮುಖ್ಯ. ಬೆಳಕಿಗೆ ಹಿಡಿದು ನೆಗ್ಗಿದ್ದನ್ನು ಬೇರೆ ಮಾಡಿ, ಅವು ಅಭ್ಯಾಸಕ್ಕಾದವು. ಡಬ್ಬಿಯ ಮೇಲೆ 4.49, 4.50, 4.51 ಎಂದು ತಲೆಯ ಅಳತೆ ಇರುತ್ತದೆ. ಗೆಳೆಯನ ರೈಫಲಿಗೆ ಒಗ್ಗಿದ್ದು ನಿಮ್ಮದಕ್ಕೆ ಒಗ್ಗಬೇಕೆಂದಿಲ್ಲ.

50 ಮೀಟರಿಗೆ ಹೋದರೆ ಸಮಸ್ಯೆ ಇನ್ನೂ ಕಠಿಣ. ಅಲ್ಲಿ ಬಳಸುವುದು 5.6 ಮಿ.ಮೀ. ತೋಟಾ, ಜನ ಕರೆಯುವ ‘ಪಾಯಿಂಟ್ ಟೂಟೂ’. ಸಿಡಿಯುವ ಮಸಾಲೆ ಅದರ ಅಂಚಿನ ಮಡಿಕೆಯೊಳಗೇ ಇದೆ. ಒಮ್ಮೆ ಹಾರಿಸಿದರೆ ಮತ್ತೆ ತುಂಬುವಂತಿಲ್ಲ. ಅಮೆರಿಕದಂಥ ಕಡೆ ದೊಡ್ಡ ತೋಟಾಗಳಿಗೆ ಹವ್ಯಾಸಿಗಳು ಮನೆಯಲ್ಲೇ ಮದ್ದು ತೂಗಿ ತುಂಬುತ್ತಾರೆ. ನಮ್ಮಲ್ಲಿ 1959ರ ಆಯುಧ ಕಾಯ್ದೆಯ ಪ್ರಕಾರ ಮದ್ದುಗುಂಡು ತಯಾರಿಕೆಗೆ ಪರವಾನಗಿ ಬೇಕು. ಆದ್ದರಿಂದ ಕೈಯಲ್ಲಿ ಉಳಿಯುವುದು ಆಯ್ಕೆ ಮಾತ್ರ: ಒಂದೇ ಕಂಪನಿಯ, ಒಂದೇ ಬೆಲೆಯ ಬೇರೆ ಬೇರೆ ಲಾಟುಗಳನ್ನು ಪರೀಕ್ಷಿಸುವುದು. ರೈಫಲನ್ನು ಕ್ಲಾಂಪಿಗೆ ಬಿಗಿದು ಪ್ರತಿ ಲಾಟಿನಿಂದ ಹತ್ತು ಗುಂಡು ಹಾರಿಸಿ, ತೂತುಗಳ ಗುಂಪು ಎಷ್ಟು ಅಗಲ ಎಂದು ಅಳೆಯುತ್ತಾರೆ. ಒಂದು ಗುಂಡು ಸೆಕೆಂಡಿಗೆ 320 ಮೀಟರ್, ಇನ್ನೊಂದು 330 ಮೀಟರ್ ಹೋದರೆ ಗುರಿಯಲ್ಲಿ ಸುಮಾರು 7 ಮಿ.ಮೀ. ಅಂತರ. ಅಲ್ಲಿನ ಹತ್ತರ ವೃತ್ತವೇ 10.4 ಮಿ.ಮೀ. ಇರುವುದು! 2010ರಲ್ಲಿ ವಿಶ್ವ ಚಾಂಪಿಯನ್ ಆದ ತೇಜಸ್ವಿನಿ ಸಾವಂತ್, ಪ್ಯಾರಿಸಿನಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ, ನಮ್ಮ ನೆರೆಯ ಕೊಲ್ಹಾಪುರದ ಈ ಇಬ್ಬರೂ ಗೆದ್ದದ್ದು ಈ ದೂರದಲ್ಲೇ.

ಒಗ್ಗಿದ ಲಾಟ್ ಸಿಕ್ಕರೆ ಅದರ ನಂಬರ್ ಬರೆದಿಟ್ಟುಕೊಂಡು, ಹಣ ಹೊಂದಿದಷ್ಟು ಒಟ್ಟಿಗೇ ಕೊಳ್ಳಿ. ಅದು ಮುಗಿಯುವ ಮೊದಲೇ ಮುಂದಿನದನ್ನು ಪರೀಕ್ಷಿಸಿ. ಪಂದ್ಯದ ಹಿಂದಿನ ದಿನ ಹೊಸ ಡಬ್ಬಿ ಒಡೆಯಬೇಡಿ. ಇನ್ನೊಂದು, ಇದೆಲ್ಲ ಸೀಸ. ಪೆಲೆಟ್ ಆರಿಸಿದ ಕೈಯನ್ನು ಸಾಬೂನಿನಿಂದ ತೊಳೆಯದೆ ಊಟಕ್ಕೆ ಕೂರಬೇಡಿ.