ಹಗ್ಗ ಎಳೆಯುವ ತೋಳಿಗೂ ರಕ್ತದೊತ್ತಡ

ಮೈ ಬಗ್ಗಿಸಿ ದುಡಿಯುವವನಿಗೆ ಬಿ.ಪಿ. ಬರುವುದಿಲ್ಲ, ಅದು ಕುರ್ಚಿಯಲ್ಲಿ ಕುಳಿತು ತಿನ್ನುವವರ ಕಾಯಿಲೆ ಎಂಬ ಮಾತು ನಮ್ಮ ಕೃಷಿಕ ಕುಟುಂಬಗಳಲ್ಲಿ ಬಹಳ ಕಾಲದಿಂದ ಚಾಲ್ತಿಯಲ್ಲಿದೆ. ಇದರಲ್ಲಿ ಅರ್ಧ ಸತ್ಯವಿದೆ. ದಿನವೂ ಬೆವರು ಸುರಿಸುವ ದೇಹದಲ್ಲಿ ರಕ್ತನಾಳಗಳು ಮೆದುವಾಗಿ ಉಳಿಯುತ್ತವೆ, ತೂಕ ಹತೋಟಿಯಲ್ಲಿರುತ್ತದೆ, ಒತ್ತಡವೂ ಸ್ವಲ್ಪ ಕಡಿಮೆ ಇರುತ್ತದೆ. ಆದರೆ ತಂದೆ ತಾಯಿಯಿಂದ ಬಂದ ಗುಣ, ವಯಸ್ಸು, ಊಟದ ಉಪ್ಪು, ಮದ್ಯ, ಎಲೆಯಡಿಕೆಯ ಜೊತೆಗಿನ ಹೊಗೆಸೊಪ್ಪು ಇವು ಯಾವುವೂ ದುಡಿಮೆಯ ಮುಂದೆ ತಲೆಬಾಗಿ ಹೊರಟುಹೋಗುವುದಿಲ್ಲ. ತೋಟದಲ್ಲಿ ಹಾರೆ ಹಿಡಿಯುವವನಿಗೂ, ಇಗರ್ಜಿಯ ವಾರ್ಷಿಕ ಹಬ್ಬಕ್ಕೆ ಹಗ್ಗಜಗ್ಗಾಟದ ತಾಲೀಮು ಮಾಡುವ ಯುವಕನಿಗೂ ರಕ್ತದೊತ್ತಡ ಏರಬಹುದು. ಇಂಥವರು ನೋಡಲು ಗಟ್ಟಿಯಾಗಿರುವುದರಿಂದ ಯಾರೂ ಅಳತೆ ಮಾಡಲು ಹೋಗುವುದಿಲ್ಲ, ಅದೇ ತೊಂದರೆ.

ವಿಶ್ರಾಂತಿಯಲ್ಲಿರುವಾಗ 120/80ರ ಆಸುಪಾಸು ಇದ್ದರೆ ಒಳ್ಳೆಯದು. ಬೇರೆ ಬೇರೆ ದಿನ ಅಳೆದಾಗಲೂ 140/90 ಅಥವಾ ಅದಕ್ಕಿಂತ ಮೇಲಿದ್ದರೆ ಅದನ್ನು ಅಧಿಕ ರಕ್ತದೊತ್ತಡ ಎನ್ನುತ್ತಾರೆ. ಅಮೆರಿಕದ ವೈದ್ಯರು 2017ರಲ್ಲಿ ಈ ಗೆರೆಯನ್ನು 130/80ಕ್ಕೆ ಇಳಿಸಿದರು. ನಮ್ಮ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ 140/90ನ್ನೇ ಗೆರೆಯಾಗಿ ಇಟ್ಟುಕೊಳ್ಳುತ್ತಾರೆ.

ಅಳತೆಯಲ್ಲೇ ಎಡವಟ್ಟುಗಳಾಗುತ್ತವೆ. ಗುಡ್ಡ ಹತ್ತಿ ಪೂಜೆಗೆ ಬಂದು, ಪೂಜೆ ಮುಗಿದೊಡನೆ ಒಂದು ಲೋಟ ಕಾಫಿ ಕುಡಿದು, ಶಿಬಿರದ ಸಾಲಿನಲ್ಲಿ ಮಾತಾಡುತ್ತ ನಿಂತು ಕೈ ಚಾಚಿದರೆ ಸಿಗುವ ಸಂಖ್ಯೆ ಹೆಚ್ಚೇ ಇರುತ್ತದೆ. ಐದು ನಿಮಿಷ ಬೆನ್ನು ಒರಗಿಸಿ, ಕಾಲು ನೆಲಕ್ಕೆ ತಾಗಿಸಿ, ಬಾಯಿಮುಚ್ಚಿ ಕುಳಿತ ಮೇಲೆ ಅಳೆಯಬೇಕು. ಅದಕ್ಕೆ ಮುಂಚೆ ಅರ್ಧ ಗಂಟೆ ಕಾಫಿ, ಬೀಡಿ, ಕಷ್ಟದ ಕೆಲಸ ಯಾವುದೂ ಬೇಡ. ಇನ್ನೊಂದು ವಿಷಯ ಕಸರತ್ತು ಮಾಡುವವರಿಗೇ ಸಂಬಂಧಿಸಿದ್ದು. ತೋಳು ದಪ್ಪವಾಗಿದ್ದರೆ ಸಾಮಾನ್ಯ ಪಟ್ಟಿ ಸಾಲದು, ದೊಡ್ಡ ಪಟ್ಟಿ ಬೇಕು. ಸಣ್ಣ ಪಟ್ಟಿಯನ್ನು ದಪ್ಪ ತೋಳಿಗೆ ಬಿಗಿದರೆ ಇಲ್ಲದ ಒತ್ತಡವನ್ನು ತೋರಿಸುತ್ತದೆ. ದೊಡ್ಡ ಪಟ್ಟಿ ಇದೆಯೇ ಎಂದು ಕೇಳಲು ಸಂಕೋಚ ಬೇಡ.

ಇನ್ನು ಕೆಲಸ ಮಾಡುವಾಗ ಒತ್ತಡಕ್ಕೆ ಏನಾಗುತ್ತದೆ ನೋಡೋಣ. ನಡೆಯುವಾಗ, ಸೈಕಲ್ ತುಳಿಯುವಾಗ, ಗದ್ದೆಯಲ್ಲಿ ನಾಟಿ ಮಾಡುವಾಗ ಮೇಲಿನ ಸಂಖ್ಯೆ ನಿಧಾನವಾಗಿ ಏರುತ್ತದೆ, ಕೆಳಗಿನದು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಕೆಲಸ ನಿಲ್ಲಿಸಿದ ಮೇಲೆ ಹಲವು ಗಂಟೆಗಳ ಕಾಲ ಒತ್ತಡ ಮೊದಲಿಗಿಂತಲೂ ಕೆಳಗೆ ಇಳಿದಿರುತ್ತದೆ. ಇದು ವ್ಯಾಯಾಮದ ನಿಜವಾದ ಲಾಭ. ಆದರೆ ಉಸಿರು ಕಟ್ಟಿ ಬಲ ಹಾಕುವ ಕೆಲಸದ ಲೆಕ್ಕ ಬೇರೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾನಿಲಯದವರು 1985ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಆರೋಗ್ಯವಂತ ದೇಹದಾರ್ಢ್ಯ ಪಟುಗಳ ರಕ್ತನಾಳದೊಳಗೇ ಸೂಜಿಯಿಟ್ಟು ಅಳೆದರು. ಎರಡೂ ಕಾಲುಗಳಿಂದ ಭಾರ ತಳ್ಳುವಾಗ ಅವರ ಒತ್ತಡ ಸರಾಸರಿ 320/250ರವರೆಗೆ ಏರಿತ್ತು. ಒಬ್ಬನಲ್ಲಿ 480/350ನ್ನೂ ದಾಟಿತ್ತು. ಅವು ಕ್ಷಣಕಾಲದ ಸಂಖ್ಯೆಗಳು; ಗಟ್ಟಿ ನಾಳಗಳು ಅದನ್ನು ತಾಳಿಕೊಂಡವು. ಮೊದಲೇ 180/110 ಇರುವ ಐವತ್ತು ವರ್ಷದವನು ಉಸಿರು ಬಿಗಿಹಿಡಿದು ಐವತ್ತು ಕಿಲೋ ಗೊಬ್ಬರದ ಚೀಲವನ್ನು ಒಂದೇ ಏಟಿಗೆ ಎತ್ತಿದರೆ ಮಿದುಳಿನ ನಾಳದ ಗತಿ ಏನಾಗಬಹುದೆಂದು ಊಹಿಸಿಕೊಳ್ಳಿ.

ಹಗ್ಗಜಗ್ಗಾಟ ಇದೇ ಜಾತಿಯ ಆಟ. ಓಣಂ ಹತ್ತಿರ ಬಂದಂತೆ ಗಡಿಯ ನಮ್ಮ ಊರುಗಳಲ್ಲಿ ಮರಕ್ಕೆ ರಾಟೆ ಕಟ್ಟಿ ಭಾರ ಎಳೆಯುವ ತಾಲೀಮು ಶುರುವಾಗುತ್ತದೆ. ಹಿಮ್ಮಡಿ ಊರಿ, ಹಲ್ಲು ಕಚ್ಚಿ, ಉಸಿರು ಕಟ್ಟಿ ನಿಂತುಬಿಡುವುದೇ ಅಲ್ಲಿನ ಜಾಣ್ಮೆ ಎಂದು ಹಿರಿಯರು ಹೇಳಿಕೊಡುತ್ತಾರೆ. ಒತ್ತಡ ಇರುವವನಿಗೆ ಅದೇ ವಿಷ. ಹಗ್ಗ ಹಿಡಿದು ನಿಂತಾಗಲೂ ಸಣ್ಣ ಸಣ್ಣ ಉಸಿರು ತೆಗೆದುಕೊಳ್ಳುತ್ತಿರಬೇಕು, ಎಳೆಯುವ ಕ್ಷಣದಲ್ಲಿ ಉಸಿರನ್ನು ಹೊರಗೆ ಬಿಡಬೇಕು. ಚೀಲ ಎತ್ತುವಾಗಲೂ ಮರದ ದಿಮ್ಮಿ ಸರಿಸುವಾಗಲೂ ಇದೇ ನಿಯಮ. ವಿಶ್ರಾಂತಿಯ ಅಳತೆ 180/110ರ ಮೇಲಿದ್ದರೆ, ಔಷಧದಿಂದ ಇಳಿಯುವ ತನಕ ಅಂಗಣಕ್ಕೆ ಇಳಿಯಲೇಬಾರದು. 160/100ರ ಮೇಲಿದ್ದರೆ ನಡಿಗೆ, ಸೈಕಲ್ ಸಾಕು. ಹತೋಟಿಗೆ ಬಂದ ಮೇಲೆ ಭಾರದ ಕಸರತ್ತೂ ಮಾಡಬಹುದು: ಒಂದೆರಡು ಸಲ ಮಾತ್ರ ಎತ್ತಲು ಸಾಧ್ಯವಾಗುವ ಭಾರ ಬೇಡ, ಹತ್ತು ಹದಿನೈದು ಸಲ ಎತ್ತಬಲ್ಲ ಭಾರವಿರಲಿ.

ಇಲ್ಲೊಂದು ಸ್ವಾರಸ್ಯವಿದೆ. ಅಲುಗಾಡದೆ ಹಿಡಿದು ನಿಲ್ಲುವ ವ್ಯಾಯಾಮವನ್ನು ಮಿತವಾಗಿ, ಉಸಿರಾಡುತ್ತ ಮಾಡಿದರೆ ಒತ್ತಡ ಇಳಿಯುತ್ತದೆ. 2023ರಲ್ಲಿ ಪ್ರಕಟವಾದ, 270 ಪ್ರಯೋಗಗಳನ್ನು ಒಟ್ಟುಗೂಡಿಸಿದ ಒಂದು ವಿಮರ್ಶೆಯಲ್ಲಿ ಇಂಥ ವ್ಯಾಯಾಮದಿಂದ ಮೇಲಿನ ಸಂಖ್ಯೆ ಸರಾಸರಿ 8ರಷ್ಟು, ಓಟ ನಡಿಗೆಗಳಿಂದ ಸುಮಾರು 4.5ರಷ್ಟು ಇಳಿದದ್ದು ಕಂಡುಬಂತು. ಗೋಡೆಗೆ ಬೆನ್ನೊತ್ತಿ, ಕುರ್ಚಿಯಲ್ಲಿ ಕುಳಿತಂತೆ ಮೊಣಕಾಲು ಮಡಿಸಿ ಎರಡು ನಿಮಿಷ ನಿಲ್ಲುವುದು, ಎರಡು ನಿಮಿಷ ವಿಶ್ರಾಂತಿ, ಹೀಗೆ ನಾಲ್ಕು ಸಲ, ವಾರಕ್ಕೆ ಮೂರು ದಿನ. ಖರ್ಚಿಲ್ಲದ ಕೆಲಸ. ಹಾಗೆಂದು ಮಾತ್ರೆಯ ಬದಲಿಗೆ ಇದು ಸಾಕೆಂದು ತಿಳಿಯಬಾರದು.

ಮಾತ್ರೆಗಳ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ದುಡಿಯುವ ದೇಹಕ್ಕೆ ಎಲ್ಲ ಮಾತ್ರೆಗಳೂ ಒಂದೇ ಬಗೆಯಲ್ಲಿ ಒಗ್ಗುವುದಿಲ್ಲ. ಅಟೆನೊಲೋಲ್, ಮೆಟೊಪ್ರೊಲೋಲ್ ಮುಂತಾದವು ಹೃದಯದ ಬಡಿತವನ್ನೇ ತಗ್ಗಿಸುತ್ತವೆ. ಏರು ಹತ್ತುವಾಗ ಬಡಿತ ಬೇಕಾದಷ್ಟು ಏರದೆ ಕಾಲು ಸೋಲುತ್ತದೆ, ಬೇಗ ದಣಿವಾಗುತ್ತದೆ. ಚೆನ್ನಾಗಿ ತಾಲೀಮಾದವರ ನಾಡಿ ಮೊದಲೇ ನಿಧಾನವಿರುತ್ತದೆ, ಈ ಮಾತ್ರೆ ಸೇರಿದರೆ ಇನ್ನೂ ನಿಧಾನ. ಹೃದಯಾಘಾತವಾದವರಿಗೆ ಈ ಮಾತ್ರೆ ಬೇಕಾಗಬಹುದು, ಆದ್ದರಿಂದ ತಾವೇ ನಿಲ್ಲಿಸಬಾರದು; ಒಮ್ಮೆಲೇ ನಿಲ್ಲಿಸಿದರೆ ಒತ್ತಡ ಮತ್ತು ಬಡಿತ ಹಠಾತ್ತನೆ ಏರಿ ಅಪಾಯ. ಮೂತ್ರ ಹೆಚ್ಚಿಸುವ ಮಾತ್ರೆಗಳು ಬಿಸಿಲಿನಲ್ಲಿ ಬೆವರುವವನ ನೀರನ್ನು ಇನ್ನಷ್ಟು ಬಸಿಯುತ್ತವೆ, ಪೊಟ್ಯಾಸಿಯಮ್ ಕಡಿಮೆಯಾಗಿ ಸ್ನಾಯು ಸೆಳೆತ ಬರಬಹುದು. ಹಗ್ಗಜಗ್ಗಾಟದಲ್ಲಿ ತಂಡದ ಒಟ್ಟು ತೂಕಕ್ಕೆ ಮಿತಿಯಿರುವುದರಿಂದ ತೂಕ ಇಳಿಸಲು ಈ ಮಾತ್ರೆಗೆ ಕೈಹಾಕುವವರೂ ಉಂಟು. ಅದು ಮೂರ್ಖತನ. ಅಲ್ಲದೆ ಅಂತಾರಾಷ್ಟ್ರೀಯ ಕ್ರೀಡಾ ನಿಯಮದಲ್ಲಿ ಅದು ನಿಷೇಧಿತ ಔಷಧ.

ಕಷ್ಟದ ಕೆಲಸ ಮಾಡುವವರಿಗೆ ಆಮ್ಲೋಡಿಪಿನ್, ಟೆಲ್ಮಿಸಾರ್ಟನ್, ಲೊಸಾರ್ಟನ್, ಎನಲಾಪ್ರಿಲ್ ಸಾಮಾನ್ಯವಾಗಿ ಹೆಚ್ಚು ಒಗ್ಗುತ್ತವೆ, ಇವು ಬಲವನ್ನು ಕುಂದಿಸುವುದಿಲ್ಲ. ಆಮ್ಲೋಡಿಪಿನ್‌ನಿಂದ ಕೆಲವರಿಗೆ ಪಾದ ಬಾತುಕೊಳ್ಳುತ್ತದೆ, ಎನಲಾಪ್ರಿಲ್‌ನಿಂದ ಒಣಕೆಮ್ಮು ಬರಬಹುದು. ಅದನ್ನು ವೈದ್ಯರಿಗೆ ತಿಳಿಸಿದರೆ ಬೇರೆ ಮಾತ್ರೆ ಕೊಡುತ್ತಾರೆ. ಗರ್ಭಿಣಿಯರು ಎನಲಾಪ್ರಿಲ್, ಟೆಲ್ಮಿಸಾರ್ಟನ್, ಲೊಸಾರ್ಟನ್ ಸೇವಿಸಬಾರದು. ಮಗುವಿಗೆ ಕಾಯುತ್ತಿರುವವರು ಮೊದಲೇ ಹೇಳಬೇಕು. ಬೆಳಿಗ್ಗೆಯೋ ರಾತ್ರಿಯೋ ಎಂದು ಬಹಳ ಜನ ಕೇಳುತ್ತಾರೆ. ಬ್ರಿಟನ್ನಿನಲ್ಲಿ 21,104 ಮಂದಿಯ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಹೃದಯಾಘಾತ, ಪಾರ್ಶ್ವವಾಯು ತಡೆಯುವ ವಿಷಯದಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ಮರೆಯದೆ ತೆಗೆದುಕೊಳ್ಳುವ ಹೊತ್ತೇ ಸರಿಯಾದ ಹೊತ್ತು. ಭಾನುವಾರ ಪೂಜೆಗೆ ಮುಂಚೆ ಮಾತ್ರೆ ಬಿಡುವವರಿಗೂ ಒಂದು ಮಾತು: ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸಕ್ಕೆ ನೀರಾಗಲಿ ಔಷಧವಾಗಲಿ ಅಡ್ಡಿಯಲ್ಲವೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯೇ ಹೇಳುತ್ತದೆ.

ಅಡಿಕೆ, ತೆಂಗಿನ ಮರ ಹತ್ತುವವರು ಹೊಸ ಮಾತ್ರೆ ಆರಂಭಿಸಿದ ಅಥವಾ ಪ್ರಮಾಣ ಹೆಚ್ಚಿಸಿದ ಮೊದಲ ಎರಡು ವಾರ ಮರ ಹತ್ತದಿರುವುದು ಒಳ್ಳೆಯದು. ಕುಳಿತು ಎದ್ದಾಗ ಕಣ್ಣು ಕತ್ತಲೆ ಬರುತ್ತದೆಯೇ ಗಮನಿಸಿ. ಕುಳಿತಾಗ ಒಮ್ಮೆ, ಎದ್ದು ನಿಂತ ಮೇಲೆ ಇನ್ನೊಮ್ಮೆ ಅಳೆಸಿ. ಮೇಲಿನ ಸಂಖ್ಯೆ 20ರಷ್ಟು ಬಿದ್ದರೆ ವೈದ್ಯರಿಗೆ ಹೇಳದೆ ಮರದ ಬುಡಕ್ಕೂ ಹೋಗಬಾರದು. ಈಗ ಕೊಯ್ಲಿಗೂ ಬೋರ್ಡೋ ದ್ರಾವಣ ಸಿಂಪಡಣೆಗೂ ಕಾರ್ಬನ್ ಫೈಬರ್ ದೋಟಿ ಬಂದಿದೆ, ನೆಲದಲ್ಲೇ ನಿಂತು ಕೆಲಸ ಮುಗಿಸಬಹುದು. ಬೆಲೆ ಹೆಚ್ಚೆನಿಸಿದರೆ ನಾಲ್ಕು ಮನೆಯವರು ಸೇರಿ ಒಂದು ಕೊಳ್ಳಬಹುದು. ಕೆಲಸ ಮುಗಿದೊಡನೆ ಬಚ್ಚಲಿಗೆ ಹೋಗಿ ಹಂಡೆಯ ಸುಡುನೀರು ಸುರಿದುಕೊಳ್ಳುವ ನಮ್ಮ ಅಭ್ಯಾಸವೂ ಹೀಗೆಯೇ. ದುಡಿದ ದೇಹದ ನಾಳಗಳು ಮೊದಲೇ ಹಿಗ್ಗಿರುತ್ತವೆ, ಬಿಸಿನೀರಿಗೆ ಇನ್ನೂ ಹಿಗ್ಗಿ ತಲೆಗೆ ರಕ್ತ ಸಾಲದೆ ಕುಸಿಯಬಹುದು. ಹತ್ತು ನಿಮಿಷ ಅಂಗಳದಲ್ಲಿ ನಿಧಾನ ಅಡ್ಡಾಡಿ, ನೀರು ಕುಡಿದು, ಆಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಮೀಯಿರಿ.

ಬೆವರಿನಲ್ಲಿ ಉಪ್ಪು ಹೋಗುತ್ತದಲ್ಲ, ಹಾಗಾದರೆ ಉಪ್ಪು ಏಕೆ ಬಿಡಬೇಕು ಎಂಬುದು ನ್ಯಾಯವಾದ ಪ್ರಶ್ನೆ. ಒಂದು ಲೀಟರ್ ಬೆವರಿನಲ್ಲಿ ಸುಮಾರು ಒಂದರಿಂದ ಮೂರು ಗ್ರಾಂ ಉಪ್ಪು ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಸಾಕೆಂದು. ನಮ್ಮ ದೇಶದಲ್ಲಿ ಸರಾಸರಿ ಸೇವನೆ 8 ಗ್ರಾಂ ಅಥವಾ ಅದಕ್ಕೂ ಹೆಚ್ಚು. ಎರಡು ಮೂರು ಗಂಟೆ ಸುಡುಬಿಸಿಲಿನಲ್ಲಿ ದುಡಿದ ದಿನ ಗಂಜಿತಿಳಿಗೆ ಒಂದು ಚಿಟಿಕೆ ಉಪ್ಪು ತಪ್ಪಲ್ಲ. ಮಳೆಗಾಲದಲ್ಲಿ ಜಗಲಿಯಲ್ಲಿ ಕುಳಿತ ದಿನವೂ ಉಪ್ಪಿನಕಾಯಿ, ಉಪ್ಪುಸೊಳೆ, ಹಪ್ಪಳ, ಒಣಮೀನು ಬೇಕೆನ್ನುವುದು ತಪ್ಪು. ತಪಸ್ಸುಕಾಲದ ಶುಕ್ರವಾರಗಳಲ್ಲಿ ಮಾಂಸ ಬಿಟ್ಟು ಒಣಮೀನಿನ ಚಟ್ನಿಗೆ ತಿರುಗುವ ಮನೆಗಳು ಎಷ್ಟಿಲ್ಲ! ಸೀಯಾಳ ಒಳ್ಳೆಯದು, ಅದರಲ್ಲಿ ಪೊಟ್ಯಾಸಿಯಮ್ ಧಾರಾಳ. ಆದರೆ ಮೂತ್ರಪಿಂಡದ ತೊಂದರೆ ಇರುವವರು, ಅದರಲ್ಲೂ ಟೆಲ್ಮಿಸಾರ್ಟನ್‌ನಂಥ ಮಾತ್ರೆ ಸೇವಿಸುವವರು, ಕೇಳದೆ ದಿನವೂ ಕುಡಿಯಬಾರದು. ಪೊಟ್ಯಾಸಿಯಮ್ ಬೆರೆಸಿದ ಬದಲಿ ಉಪ್ಪಿಗೂ ಇದೇ ಎಚ್ಚರಿಕೆ.

ಬೆನ್ನುನೋವು, ಮಂಡಿನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್ ತಂದು ನುಂಗಿ ಮತ್ತೆ ಕೆಲಸಕ್ಕೆ ಇಳಿಯುವುದು ತಾಲೀಮಿನ ಹುಡುಗರಲ್ಲೂ ಹಿರಿಯರಲ್ಲೂ ಸಾಮಾನ್ಯ. ಅದು ಒತ್ತಡವನ್ನು ಏರಿಸುತ್ತದೆ. ಒತ್ತಡದ ಮಾತ್ರೆ, ಮೂತ್ರದ ಮಾತ್ರೆ, ನೋವಿನ ಮಾತ್ರೆ, ಮೇಲಿಂದ ಬೆವರಿ ಒಣಗಿದ ಮೈ, ಇಷ್ಟು ಸೇರಿದರೆ ಮೂತ್ರಪಿಂಡ ಕೆಲವೇ ದಿನಗಳಲ್ಲಿ ಕೆಡಬಹುದು. ನೋವಿಗೆ ಏನು ತೆಗೆದುಕೊಳ್ಳಬಹುದೆಂದು ಮೊದಲೇ ಕೇಳಿಟ್ಟುಕೊಳ್ಳಿ. ಜಿಮ್‌ಗಳಲ್ಲಿ ಕೈಯಿಂದ ಕೈಗೆ ದಾಟುವ ಸ್ಟಿರಾಯ್ಡ್ ಸೂಜಿ ಮಾತ್ರೆಗಳೂ ಎನರ್ಜಿ ಡ್ರಿಂಕ್‌ಗಳೂ ಒತ್ತಡ ಏರಿಸುವವೇ. ಇಪ್ಪತ್ತೈದರ ಹುಡುಗನಲ್ಲಿ 150/100 ಕಂಡರೆ ಮೊದಲು ಇವನ್ನೇ ವಿಚಾರಿಸಬೇಕು.

ಎಳೆಯುವಾಗಲೋ ಅಗೆಯುವಾಗಲೋ ಎದೆ ಹಿಂಡಿದಂತಾದರೆ, ಒಮ್ಮೆಲೇ ಸಹಿಸಲಾರದ ತಲೆನೋವು ಬಂದರೆ, ಮಾತು ತೊದಲಿದರೆ, ಒಂದು ಕೈ ಸೋತರೆ ಅಲ್ಲಿಗೇ ನಿಲ್ಲಿಸಿ, ಮನೆಮದ್ದಿಗೆ ಕಾಯದೆ ದೊಡ್ಡ ಆಸ್ಪತ್ರೆಗೆ ಹೊರಡಬೇಕು. ಉಳಿದಂತೆ, ಕೇರಳದಲ್ಲಿ 2017ರಲ್ಲಿ ಆರಂಭವಾದ ಆರ್ದ್ರಂ ಯೋಜನೆಯಡಿ ಕುಟುಂಬ ಆರೋಗ್ಯ ಕೇಂದ್ರಗಳಾಗಿರುವ ಸರಕಾರಿ ಆಸ್ಪತ್ರೆಗಳಲ್ಲಿ ಒತ್ತಡವನ್ನು ಅಳೆಯುತ್ತಾರೆ, ಸಾಮಾನ್ಯ ಮಾತ್ರೆಗಳನ್ನು ಉಚಿತವಾಗಿ ಕೊಡುತ್ತಾರೆ. ಹೋಗುವಾಗ ಹಿಂದಿನ ಅಳತೆಗಳನ್ನು ತಾರೀಕು ಸಹಿತ ಬರೆದ ಸಣ್ಣ ಪುಸ್ತಕ ಕೈಯಲ್ಲಿರಲಿ. ತಾನು ಮರ ಹತ್ತುವವನು, ಹಗ್ಗ ಎಳೆಯುವವನು ಎಂಬುದನ್ನೂ ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಅವರು ಮಾತ್ರೆ ಆರಿಸುವುದು ಅದನ್ನೂ ನೋಡಿಕೊಂಡು.