ತಿರುಗಿಸಿದರೆ ಗಟ್ಟಿ, ಗುದ್ದಿದರೆ ಮೆತ್ತಗೆ

ಕಾರಿನ ಸ್ಟೀರಿಂಗ್ ಚಕ್ರವನ್ನು ಎಲ್ಲರೂ ನೋಡಿರುತ್ತೀರಿ. ಅದರ ಹಿಂದೆ ಅಡಗಿರುವ ಕಂಬವನ್ನು ಕಂಡವರು ಕಡಿಮೆ. ನಾವು ಚಕ್ರ ತಿರುಗಿಸಿದ್ದನ್ನು ಮುಂದಿನ ಗಾಲಿಗಳವರೆಗೆ ಮುಟ್ಟಿಸುವುದು ಈ ಸ್ಟೀರಿಂಗ್ ಕಾಲಮ್‌ನ ಕೆಲಸ.

ನಾನಿರುವುದು ಇಂಗ್ಲೆಂಡಿನ ಕವೆಂಟ್ರಿಯಲ್ಲಿ. ಬಿಡಿಭಾಗಗಳನ್ನು ತರಿಸಿ ಮನೆಯ ಶೆಡ್ಡಿನಲ್ಲೇ ಕಾರು ಕಟ್ಟುವುದು ಇಲ್ಲಿಯವರ ಹಳೆಯ ಹವ್ಯಾಸ. ಅಂಥದ್ದನ್ನು ಕಿಟ್ ಕಾರು ಎನ್ನುತ್ತಾರೆ. 1957ರಲ್ಲಿ ಬಂದ ಲೋಟಸ್ ಸೆವೆನ್ ಎಂಬ ಪುಟ್ಟ ಕಾರನ್ನು ಹೀಗೆ ಜೋಡಿಸಿಕೊಂಡವರು ಬಹಳ ಮಂದಿ. ನಿವೃತ್ತನಾದ ಮೇಲೆ ನಾನೂ ಆ ಬಗೆಯದೊಂದನ್ನು ಕಟ್ಟುತ್ತಿದ್ದೇನೆ. ಸ್ಪ್ಯಾನರ್ ಎತ್ತಿಕೊಡುವವಳು ಹನ್ನೊಂದರ ಮೊಮ್ಮಗಳು. ಕಾರು ಸಿದ್ಧವಾದ ದಿನ ಪಕ್ಕದ ಸೀಟು ತನ್ನದೇ ಎಂದು ಈಗಲೇ ಹೇಳಿಟ್ಟಿದ್ದಾಳೆ.

ಕಾಲಮ್ ಆರಿಸುವಾಗ ಅವಳು ಕೇಳಿದಳು: “ಅಜ್ಜ, ದಪ್ಪ ಕಬ್ಬಿಣದ ಸರಳನ್ನೇ ಹಾಕಿಬಿಟ್ಟರೆ ಎಂದೂ ಮುರಿಯುವುದಿಲ್ಲವಲ್ಲ?”

ಒಳ್ಳೆಯ ಪ್ರಶ್ನೆ. ಹಳೆಯ ಕಾರುಗಳಲ್ಲಿ ಇದ್ದದ್ದು ಹೆಚ್ಚುಕಡಿಮೆ ಅದೇ. ಆದರೆ ಕಾರು ಎದುರಿಗೆ ಡಿಕ್ಕಿ ಹೊಡೆದಾಗ ಮೂತಿ ನಜ್ಜುಗುಜ್ಜಾಗಿ ಹಿಂದಕ್ಕೆ ಸರಿಯುತ್ತದೆ. ಆಗ ಬಾಗದ ಸರಳು ಈಟಿಯಂತೆ ಚಾಲಕನ ಎದೆಗೇ ಬರುತ್ತದೆ. ಎಷ್ಟೋ ಜೀವಗಳು ಹೀಗೆ ಹೋಗಿವೆ.

ಅಮೆರಿಕದ ಜನರಲ್ ಮೋಟರ್ಸ್ 1967ರ ಕಾರುಗಳಲ್ಲಿ ಹೊಸ ಬಗೆಯ ಕಾಲಮ್ ಕೊಟ್ಟಿತು. ಅದರ ಹೊರಕೊಳವೆಯ ಒಂದು ಭಾಗ ಜಾಲರಿಯಂತಿತ್ತು. ಗುದ್ದು ಬಿದ್ದರೆ ಕಾಗದದ ಲಾಂದ್ರದಂತೆ ಮುದುಡಿಕೊಳ್ಳುತ್ತಿತ್ತು. 1968ರಿಂದ ಅಲ್ಲಿ ನಿಯಮವೇ ಬಂತು: ಗಂಟೆಗೆ 48 ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಗುದ್ದಿಸುವ ಪರೀಕ್ಷೆಯಲ್ಲಿ ಕಾಲಮ್ 127 ಮಿಲಿಮೀಟರ್‌ಗಿಂತ ಹೆಚ್ಚು ಹಿಂದೆ ಬರಬಾರದು. ಅದು ಒಂದು ಗೇಣಿಗಿಂತಲೂ ಕಡಿಮೆ.

ಇನ್ನೊಂದು ಉಪಾಯವೂ ಇದೆ. ಲೋಟದೊಳಗೆ ಲೋಟ ಇಳಿಯುವಂತೆ ಒಂದು ದಂಡದೊಳಗೆ ಇನ್ನೊಂದು ಜಾರುವ ಹಾಗೆ ಮಾಡುತ್ತಾರೆ. ತಿರುಗಿಸುವಾಗ ಎರಡೂ ಒಂದಾಗಿ ತಿರುಗುತ್ತವೆ. ಜೋರಾಗಿ ತಳ್ಳಿದಾಗ ಮಾತ್ರ ನಡುವಿನ ಪ್ಲಾಸ್ಟಿಕ್ ಮೊಳೆಗಳು ಮುರಿದು ಜಾರುತ್ತವೆ. ಕೆಳಗಿನ ದಂಡವನ್ನು ಕೀಲುಗಳಿಂದ ಓರೆಯಾಗಿ ಜೋಡಿಸಿದರೆ ಹೊಡೆತ ನೇರವಾಗಿ ಎದೆಗೆ ಬರುವುದೂ ತಪ್ಪುತ್ತದೆ.

ಕೊನೆಗೆ ನಾನು ಆರಿಸಿದ್ದು ಫೋರ್ಡ್ ಸಿಯೆರಾ ಎಂಬ ಹಳೆಯ ಕಾರಿನ ಕಾಲಮ್. ಕಾರ್ಖಾನೆಯಲ್ಲಿ ತಯಾರಾದದ್ದು, ಮುದುಡುವಂಥದ್ದು, ಕಳ್ಳರಿಗೆ ತಡೆಯೊಡ್ಡುವ ಬೀಗವೂ ಇದೆ. ಆದರೂ ಹಳೆಯ ಮಾಲನ್ನು ಪರೀಕ್ಷಿಸದೆ ಹಾಕುವಂತಿಲ್ಲ. ಅಪಘಾತವಾದ ಕಾರಿನದಾದರೆ ಬೇಡ, ಅದು ಆಗಲೇ ಮುದುಡಿರಬಹುದು. ಬಿಚ್ಚುವಾಗ ಸುತ್ತಿಗೆಯಿಂದ ಬಡಿದಿದ್ದರೂ ಬೇಡ. ಉದ್ದ ಸಾಲದೆಂದು ನಡುವೆ ಕತ್ತರಿಸಿ ವೆಲ್ಡಿಂಗ್ ಮಾಡಿದ್ದರಂತೂ ಬೇಡವೇ ಬೇಡ. ಕೂರಿಸಿದ ಮೇಲೆ ಚಕ್ರವನ್ನು ಎಡತುದಿಯಿಂದ ಬಲತುದಿಗೆ ತಿರುಗಿಸಿ, ಬ್ರೇಕಿನ ಕೊಳವೆಗೋ ಎಂಜಿನ್ನಿಗೋ ತಾಗುತ್ತದೆಯೇ ಎಂದು ನೋಡಬೇಕು. ಮೊಮ್ಮಗಳು ಟಾರ್ಚು ಹಿಡಿದು ನೋಡಿದಳು, ನಾನು ತಿರುಗಿಸಿದೆ.

ಇಷ್ಟಾದರೂ ರಸ್ತೆಗಿಳಿಯಲು ಅಪ್ಪಣೆ ಸಿಕ್ಕಂತಲ್ಲ. ಬ್ರಿಟನ್ನಿನಲ್ಲಿ ಮನೆಯಲ್ಲಿ ಕಟ್ಟಿದ ಕಾರು ಐವಿಎ ಎಂಬ ಸರಕಾರಿ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ದೀಪ, ಬ್ರೇಕು, ಸೀಟು ಬೆಲ್ಟುಗಳ ಜೊತೆಗೆ ಸ್ಟೀರಿಂಗನ್ನೂ ಪರೀಕ್ಷಕರು ತಡಕಿ ನೋಡುತ್ತಾರೆ.

“ಹಾಗಾದರೆ ಸರಳು ಗಟ್ಟಿಯಾಗಿದ್ದರೂ ಕೆಟ್ಟದ್ದಾ?” ಎಂದಳು ಮೊಮ್ಮಗಳು. ಎಲ್ಲಿ ಗಟ್ಟಿಯಾಗಿರಬೇಕು, ಎಲ್ಲಿ ಸೋಲಬೇಕು ಎಂದು ತಿಳಿದಿರುವುದೇ ಒಳ್ಳೆಯ ಕಾಲಮ್ ಎಂದೆ. ತಿರುಗಿಸುವಾಗ ಅದು ಸೋತರೆ ಇಬ್ಬರಿಗೂ ಅಪಾಯ, ಗುದ್ದಿದಾಗ ಸೋಲದಿದ್ದರೆ ಅಜ್ಜನಿಗೆ ಅಪಾಯ.

ಮಕ್ಕಳೇ, ಈ ಪಾಠದ ಮೊದಲರ್ಧವನ್ನು ನಿಮ್ಮ ಸೈಕಲ್ಲಿನಲ್ಲೇ ನೋಡಬಹುದು. ಸೈಕಲ್ಲಿನ ಎದುರು ನಿಂತು ಮುಂದಿನ ಗಾಲಿಯನ್ನು ಮೊಣಕಾಲುಗಳ ನಡುವೆ ಬಿಗಿಯಾಗಿ ಹಿಡಿದು ಹ್ಯಾಂಡಲ್ ತಿರುಗಿಸಿ. ಗಾಲಿ ನಿಂತಲ್ಲೇ ಇದ್ದು ಹ್ಯಾಂಡಲ್ ಮಾತ್ರ ತಿರುಗಿತೇ? ಹಾಗಿದ್ದರೆ ಇವತ್ತು ಸೈಕಲ್ ಹತ್ತಬೇಡಿ. ಅಜ್ಜನನ್ನೋ ಅಜ್ಜಿಯನ್ನೋ ಕರೆದುಕೊಂಡು ಸೀದಾ ಸೈಕಲ್ ಶಾಪಿಗೆ ನಡೆಯಿರಿ.